ಪದಚರ್ಚೆ: ಬಿಲ್ಡ್, ಡಿಪ್ಲಾಯ್, ಕ್ರ್ಯಾಶ್, ಟೈಮೌಟ್ – ಎಲ್ಲದಕ್ಕೂ ‘ವಿಫಲ’ ಸಾಕೇ?

ಪ್ರಶ್ನೆ

ಕ್ಲೌಡ್ ಹೋಸ್ಟಿಂಗ್ ವೇದಿಕೆಯೊಂದರ ಸಹಾಯಪುಟ ಕನ್ನಡಕ್ಕೆ ಬರುತ್ತಿದೆ. ಆ್ಯಪ್ ಬರೆಯುವವರು ಓದುವ ಪುಟ. ನಾಳೆ ಬೆಳಗ್ಗೆ ಹತ್ತಕ್ಕೆ ಸಾಲುಗಳನ್ನು ಒಪ್ಪಿಸಬೇಕು. ಐದು ಸೂಚನೆಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಹಿಂದಿನ ಕರಡಿನಲ್ಲಿ ಇರುವುದು ಹೀಗೆ:

ಬಿಲ್ಡ್ ಫೇಲ್ಡ್ – ನಿರ್ಮಾಣ ವಿಫಲವಾಗಿದೆ
ಡಿಪ್ಲಾಯ್ ಫೇಲ್ಡ್ – ನಿಯೋಜನೆ ವಿಫಲವಾಗಿದೆ
ಆ್ಯಪ್ ಕ್ರ್ಯಾಶ್ಡ್ – ಅನ್ವಯ ವಿಫಲವಾಗಿದೆ
ರಿಕ್ವೆಸ್ಟ್ ಟೈಮ್ಡ್ ಔಟ್ – ವಿನಂತಿ ವಿಫಲವಾಗಿದೆ
ಹೆಲ್ತ್ ಚೆಕ್ ಫೇಲ್ಡ್ – ಆರೋಗ್ಯ ತಪಾಸಣೆ ವಿಫಲವಾಗಿದೆ

ಐದೂ ವಿಫಲ. ಬಿಲ್ಡ್ ಎಂದರೆ ಕೋಡಿನಿಂದ ಓಡಬಲ್ಲ ಆ್ಯಪ್ ತಯಾರಿಸುವುದು, ಡಿಪ್ಲಾಯ್ ಎಂದರೆ ಅದನ್ನು ಸರ್ವರಿಗೆ ಹಾಕುವುದು, ಕ್ರ್ಯಾಶ್ ಎಂದರೆ ಓಡುತ್ತಿದ್ದ ಆ್ಯಪ್ ತಟ್ಟನೆ ನಿಲ್ಲುವುದು, ಟೈಮೌಟ್ ಎಂದರೆ ಕಾಯುವ ಹೊತ್ತು ಮೀರುವುದು, ಹೆಲ್ತ್ ಚೆಕ್ ಎಂದರೆ ಆ್ಯಪ್ ಉತ್ತರ ಕೊಡುತ್ತಿದೆಯೇ ಎಂದು ವೇದಿಕೆ ಕೇಳಿ ನೋಡುವುದು. ಜೊತೆಗೆ ಪೋರ್ಟ್ (ಆ್ಯಪ್‌ಗೆ ಕರೆ ಬರುವ ಬಾಗಿಲಿನ ಅಂಕಿ), ಲಾಗ್ (ನಡೆದದ್ದನ್ನು ಸಾಲಾಗಿ ಬರೆದಿಟ್ಟದ್ದು), ಇನ್‌ಸ್ಟನ್ಸ್ (ಒಂದೇ ಆ್ಯಪ್‌ನ ಓಡುತ್ತಿರುವ ಒಂದೊಂದು ನಕಲು) ಪದಗಳೂ ಬೇಕು. ಪುಟದ ತಲೆಬರಹ ಸದ್ಯಕ್ಕೆ ‘ದೋಷ ಪರಿಹಾರ’.

ಉತ್ತರ 1

ನಿಘಂಟಿನಲ್ಲಿರುವುದು ನಿಯೋಜನೆ, ನಿರ್ಮಾಣ, ವಿಫಲ. ಕರಡು ಸರಿಯಾಗಿಯೇ ಇದೆ. ಪಾರಿಭಾಷಿಕ ಪದಗಳನ್ನು ದಿನಕ್ಕೊಂದು ಹುಟ್ಟಿಸಬೇಡಿ.

ಉತ್ತರ 2

> ಕರಡು ಸರಿಯಾಗಿಯೇ ಇದೆ

ಇಲ್ಲ. ನಾಲ್ಕನೇ ಸಾಲು ಬರೀ ಸಪ್ಪೆಯಲ್ಲ, ಸುಳ್ಳು. ಟೈಮೌಟ್ ಆದಾಗ ಆ್ಯಪ್ ಸತ್ತಿರುವುದಿಲ್ಲ. ಹೆರೋಕು ಎಂಬ ಕ್ಲೌಡ್ ವೇದಿಕೆಯಲ್ಲಿ 30 ಸೆಕೆಂಡಿನೊಳಗೆ ಉತ್ತರ ಶುರುವಾಗದಿದ್ದರೆ, ವಿನಂತಿಯನ್ನು ಆ್ಯಪ್‌ಗೆ ಮುಟ್ಟಿಸುವ ರೌಟರ್ ಕಾಯುವುದನ್ನು ಬಿಟ್ಟು ಲಾಗ್‌ನಲ್ಲಿ ಎಚ್12 ಎಂಬ ದೋಷಸಂಕೇತ ಬರೆದು, ಕೇಳಿದವರಿಗೆ 503 (ಸೇವೆ ಸಿಗುತ್ತಿಲ್ಲ) ಕಳಿಸುತ್ತದೆ. ಆ್ಯಪ್‌ಗೆ ಅದು ಗೊತ್ತೇ ಆಗುವುದಿಲ್ಲ, ಕೆಲಸ ಮುಂದುವರಿಸುತ್ತಲೇ ಇರುತ್ತದೆ. 45ನೇ ಸೆಕೆಂಡಿಗೆ ಹಣ ಕಡಿತವೂ ಆಗಬಹುದು, ಡೇಟಾಬೇಸಿನಲ್ಲಿ ಸಾಲೂ ಸೇರಬಹುದು. ಅಂಥ ಕಡೆ ‘ವಿನಂತಿ ವಿಫಲವಾಗಿದೆ’ ಎಂದು ಓದಿದವರು ಮತ್ತೆ ಕಳಿಸುತ್ತಾರೆ. ಹಣ ಎರಡು ಸಲ ಕಡಿತವಾಗುತ್ತದೆ. ಇಲ್ಲಿ ಹೇಳಬೇಕಾದದ್ದು ‘ಗಡುವಿನೊಳಗೆ ಉತ್ತರ ಬರಲಿಲ್ಲ’ ಎಂದು ಮಾತ್ರ. ಕೆಲಸ ಆಯಿತೋ ಇಲ್ಲವೋ ಎಂದು ರೌಟರ್‌ಗೇ ಗೊತ್ತಿಲ್ಲದಿರುವಾಗ ನಾವು ತೀರ್ಪು ಕೊಡಬಾರದು.

ಉಳಿದ ನಾಲ್ಕರಲ್ಲೂ ಕೆಲಸ ಬೇರೆ ಬೇರೆ ಕಡೆ ನಿಲ್ಲುತ್ತದೆ. ಎಲ್ಲಿ ನಿಂತಿತು ಎಂದು ಪದವೇ ಹೇಳದಿದ್ದರೆ ಓದುವವರು ತಪ್ಪು ಲಾಗ್ ತೆರೆದು ಕೂರುತ್ತಾರೆ.

ಬಿಲ್ಡ್ ನಿಂತಾಗ ಹೊಸ ಆವೃತ್ತಿ ಇನ್ನೂ ಹುಟ್ಟಿಯೇ ಇಲ್ಲ. ಹಳೆಯದು ಹಾಗೇ ಓಡುತ್ತಿರುತ್ತದೆ. ನೋಡಬೇಕಾದದ್ದು ಬಿಲ್ಡ್ ಲಾಗ್. ಮಾಮೂಲಿ ಕಾರಣಗಳು ಮೂರು: ಒಂದು, ಪ್ಯಾಕೇಜುಗಳ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲ್ ಕೋಡಿನ ಜೊತೆ ಗಿಟ್‌ಗೆ ಸೇರಿಲ್ಲ; ಎರಡು, ಬಿಲ್ಡಿಗೆ ಬೇಕಾದ ಪ್ಯಾಕೇಜ್ ಡೆವ್ ಡಿಪೆಂಡೆನ್ಸಿ (ಬರೆಯುವಾಗ ಮಾತ್ರ ಬೇಕಾಗುವವು) ಪಟ್ಟಿಯಲ್ಲಿದೆ, ಸರ್ವರಿನ ಪ್ರೊಡಕ್ಷನ್ ಮೋಡ್ ಅದನ್ನು ಇಳಿಸಿಕೊಳ್ಳುವುದೇ ಇಲ್ಲ; ಮೂರು, ಫೈಲಿನ ಹೆಸರಲ್ಲಿ ದೊಡ್ಡಕ್ಷರ, ಕೋಡಿನಲ್ಲಿ ಸಣ್ಣಕ್ಷರ. ಮೂರನೆಯದನ್ನು ವಿಂಡೋಸ್, ಮ್ಯಾಕ್ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಫೈಲ್.

ಹೆಲ್ತ್ ಚೆಕ್ ಇನ್ನೊಂದು ಬಗೆ. ಆ್ಯಪ್ ಎದ್ದಿದೆ, ಆದರೆ ವೇದಿಕೆ ಕೂಗಿದ್ದು ಅದಕ್ಕೆ ಕೇಳಿಸಿಲ್ಲ, ಇಲ್ಲವೇ ಅದು ಕೊಟ್ಟ ಉತ್ತರ ವೇದಿಕೆಗೆ ಒಪ್ಪಿಗೆಯಾಗಿಲ್ಲ. ಆ್ಯಪ್ 127.0.0.1ರಲ್ಲಿ (ತನ್ನೊಳಗಿನ ಕರೆಗೆ ಮಾತ್ರ) ಕಿವಿಗೊಟ್ಟಿದ್ದರೆ, ಅದು ಓಡುವ ಪ್ರತ್ಯೇಕ ಪೆಟ್ಟಿಗೆಯಾದ ಕಂಟೇನರಿನ ಹೊರಗಿನ ಕರೆ ಅದಕ್ಕೆ ತಲುಪದು, 0.0.0.0 (ಎಲ್ಲ ಕಡೆಯ ಕರೆಗೆ) ಎಂದಿರಬೇಕು. ಪೋರ್ಟ್ ಅಂಕಿಯನ್ನು ಕೋಡಿನಲ್ಲೇ 3000 ಎಂದು ಬರೆದಿಟ್ಟಿದ್ದರೂ ಇದೇ ಗತಿ, ಏಕೆಂದರೆ ಯಾವ ಅಂಕಿ ಎಂದು ವೇದಿಕೆ ಪೋರ್ಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಕೋಡಿನ ಹೊರಗಿಂದ ಕೊಡುವ ಸೆಟ್ಟಿಂಗ್) ಮೂಲಕ ಹೇಳುತ್ತದೆ. ಗೂಗಲ್‌ನ ಕ್ಲೌಡ್ ರನ್ ವೇದಿಕೆಯಲ್ಲಿ ನೀವು ಬೇರೆ ಹೇಳದಿದ್ದರೆ ಅದು 8080. ಕೆಲವೊಮ್ಮೆ ಚೆಕ್ ಮಾಡುವ ದಾರಿಯೇ ಲಾಗಿನ್ ಪುಟಕ್ಕೆ ತಿರುಗಿಬಿಡುತ್ತದೆ, 200 (ಸರಿ) ಬರಬೇಕಾದಲ್ಲಿ 302 (ಬೇರೆ ಕಡೆ ಹೋಗಿ) ಬರುತ್ತದೆ.

‘ಆರೋಗ್ಯ ತಪಾಸಣೆ ವಿಫಲ’ ಎಂದರೆ ತಪಾಸಣೆ ಮಾಡಲಾಗಲಿಲ್ಲ ಎಂದೂ ಅರ್ಥವಾಗುತ್ತದೆ. ತಪಾಸಣೆ ನಡೆದಿದೆ, ಸರಿಯಾದ ಉತ್ತರ ಬಂದಿಲ್ಲ. ಹಾಗೆಯೇ ಬರೆಯಿರಿ.

ಉತ್ತರ 3

ಡಿಪ್ಲಾಯ್‌ಗೆ ಹೂಡು. ಇದರ ಬಗ್ಗೆ ಚರ್ಚೆಯೇ ಬೇಡ.

ಹಳಗನ್ನಡದ ಪೂಡು. ತಮಿಳಿನ ಪೂಟ್ಟು ಇದರ ನೆಂಟ. ನೇಗಿಲು ಹೂಡು, ಬಾಣ ಹೂಡು, ಬಿಡಾರ ಹೂಡು, ಸಂಸಾರ ಹೂಡು, ದಾವೆ ಹೂಡು. ಐದರಲ್ಲೂ ಮೊದಲೇ ಸಿದ್ಧವಾಗಿರುವ ಒಂದನ್ನು ಅದು ಕೆಲಸ ಮಾಡಬೇಕಾದ ಜಾಗಕ್ಕೆ ತಂದು ತೊಡಗಿಸುವುದೇ ಅರ್ಥ. ಡಿಪ್ಲಾಯ್ ಎಂದರೂ ಅಷ್ಟೇ ತಾನೆ? ಬಿಲ್ಡ್ ಆದ ವಸ್ತುವನ್ನು ಸರ್ವರಿಗೆ ತಂದು ದುಡಿಮೆಗೆ ಹಚ್ಚುವುದು. ರೀಡಿಪ್ಲಾಯ್‌ಗೆ ಮರುಹೂಡು. ಬಟನ್ ಮೇಲೆ ಬರೀ ‘ಹೂಡು’, ಎರಡೇ ಅಕ್ಷರ.

ನಿಯೋಜನೆ ಮನುಷ್ಯರಿಗೆ ಸಲ್ಲುವ ಮಾತು. ಸಿಬ್ಬಂದಿಯನ್ನು ನಿಯೋಜಿಸುತ್ತಾರೆ, ಕೋಡನ್ನಲ್ಲ. ಸಂಸ್ಕೃತ ಕಂಡಕೂಡಲೇ ಗಂಭೀರ ಪದ ಎಂದು ಭಾವಿಸುವ ರೋಗ ಮೊದಲು ಹೋಗಬೇಕು. ಅನ್ವಯ ಎಂಬುದಂತೂ ವಾಕ್ಯಕ್ಕೆ ಮಾಡುವಂಥದ್ದು. ಆ್ಯಪ್ ಎಂದೇ ಬರೆಯಿರಿ.

ಉತ್ತರ 1

ಹೂಡಿಕೆ ಎಂದರೆ ಬಂಡವಾಳ ಹಾಕುವುದು ಎಂದು ಎಲ್ಲರಿಗೂ ಗೊತ್ತು. ‘ಹೂಡಿಕೆ ನಿಂತಿದೆ’ ಎಂದು ಓದಿದವರು ಷೇರುಪೇಟೆ ಪುಟ ಎಂದುಕೊಂಡಾರು.

ಉತ್ತರ 3

ಹೂಡಿಕೆ ಎಂದು ನಾನು ಬರೆದೇ ಇಲ್ಲ. ಕ್ರಿಯಾಪದವನ್ನು ಕ್ರಿಯಾಪದವಾಗಿಯೇ ಬಳಸಿ: ಹೂಡಿದೆ, ಹೂಡುತ್ತಿದೆ, ಹೂಡಲಾಗಲಿಲ್ಲ. ನಾಮಪದ ಬೇಕೇ ಬೇಕೆಂದರೆ ‘ಹೂಡುವುದು’. ಇಂಗ್ಲಿಷಿನಲ್ಲಿ ನಾಮಪದವಿದೆ ಎಂದು ಕನ್ನಡದಲ್ಲೂ ಅದನ್ನೇ ಹುಡುಕುವುದರಿಂದ ಈ ಗೋಜಲೆಲ್ಲ.

ಉತ್ತರ 4

ಕ್ರ್ಯಾಶ್ ಬಗ್ಗೆ ಯಾರೂ ಹೇಳಲಿಲ್ಲ. ‘ಕುಸಿದಿದೆ’ ಬೇಡ, ಅದನ್ನು ಮೆಲ್ಲಗೆ ಇಳಿದದ್ದಕ್ಕೂ ಹೇಳುತ್ತಾರೆ. ‘ಬಿದ್ದಿದೆ’ ಸಾಕು. ಆದರೆ ಕಾಲ ನೋಡಿ ಬಳಸಿ. ಬಿದ್ದಿದೆ ಎಂದರೆ ಈಗಲೂ ಬಿದ್ದುಕೊಂಡಿದೆ. ಒಮ್ಮೆ ಬಿದ್ದು ವೇದಿಕೆ ಎಬ್ಬಿಸಿದ್ದರೆ ‘ಬಿದ್ದಿತ್ತು, ಈಗ ಎದ್ದಿದೆ’. ಎಬ್ಬಿಸಿದಷ್ಟು ಸಲವೂ ಬೀಳುವ ಕ್ರ್ಯಾಶ್ ಲೂಪ್‌ಗೆ ‘ಏಳುತ್ತಲೇ ಬೀಳುತ್ತಿದೆ’. ಲೂಪ್ ಎಂಬ ಪದವೇ ಬೇಕಿಲ್ಲ, ‘‑ಉತ್ತಲೇ’ ಆ ಕೆಲಸ ಮಾಡುತ್ತದೆ. ‘ಪುನರಾವರ್ತಿತ ವೈಫಲ್ಯ’ ಎಂದು ಬರೆದು ಓದುಗರನ್ನು ಕೊಲ್ಲಬೇಡಿ.

ಉತ್ತರ 2

> ಏಳುತ್ತಲೇ ಬೀಳುತ್ತಿದೆ

ಇದೇ ಸರಿ. ಇದರ ಕೆಳಗೆ ಒಂದು ವಿವರ ಸೇರಿಸಿ. ಕಂಟೇನರುಗಳನ್ನು ನೋಡಿಕೊಳ್ಳುವ ಕುಬರ್ನೆಟೀಸ್‌ನಲ್ಲಿ ಬಿದ್ದ ಕಂಟೇನರನ್ನು ಎಬ್ಬಿಸುವ ಮುನ್ನ ಕಾಯುವ ಹೊತ್ತು 10 ಸೆಕೆಂಡು, ಆಮೇಲೆ 20, 40, ಹೀಗೆ ಇಮ್ಮಡಿಯಾಗುತ್ತಾ ಸಾಮಾನ್ಯವಾಗಿ 5 ನಿಮಿಷದವರೆಗೆ ಮಾತ್ರ ಬೆಳೆಯುತ್ತದೆ. ಡೇಟಾಬೇಸ್ ಸರಿಹೋದ ಮೇಲೂ ಆ್ಯಪ್ ಏಳಲಿಲ್ಲ ಎಂದು ದೂರುವವರು ಬಹುತೇಕ ಈ ಬಿಡುವಿನ ನಡುವೆ ಇರುತ್ತಾರೆ. ಆ ಕಂಟೇನರ್ ಇರುವ ಪಾಡ್ ಅಳಿಸಿದರೆ ಹೊಸದು ಕೂಡಲೇ ಏಳುತ್ತದೆ.

ಬಿದ್ದ ಬಗೆಯನ್ನು ಎಕ್ಸಿಟ್ ಕೋಡ್ (ಆ್ಯಪ್ ನಿಂತಾಗ ಉಳಿಯುವ ಅಂಕಿ) ಹೇಳುತ್ತದೆ. 137 ಎಂದರೆ 128ಕ್ಕೆ 9 ಸೇರಿದ್ದು, ಅಂದರೆ ಕೂಡಲೇ ಕೊಲ್ಲುವ ಸಿಗ್‌ಕಿಲ್ ಸಂಕೇತ. ಬಹಳಷ್ಟು ಸಲ ಮೆಮೊರಿ ಮಿತಿ ಮೀರಿದ್ದಕ್ಕೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೊಂದಿದೆ ಎಂದರ್ಥ. ಆಗ ಆ್ಯಪ್ ಲಾಗ್‌ನ ಕೊನೆಯಲ್ಲಿ ಏನೂ ಇರುವುದಿಲ್ಲ, ಸಿಗ್‌ಕಿಲ್ ಕೊನೆಯ ಮಾತಿಗೆ ಅವಕಾಶ ಕೊಡುವುದಿಲ್ಲ. 143 ಎಂದರೆ 128ಕ್ಕೆ 15, ಸಿಗ್‌ಟರ್ಮ್. ವೇದಿಕೆ ಮರ್ಯಾದೆಯಿಂದ ಹೊರಡು ಎಂದಿದೆ, ಆ್ಯಪ್ ಹೊರಟಿದೆ. ಇದಕ್ಕೆ ‘ಬಿದ್ದಿದೆ’ ಬಳಸಕೂಡದು. ‘ನಿಲ್ಲಿಸಲಾಗಿದೆ’ ಎಂದಿರಲಿ. ಹೊಸ ಆವೃತ್ತಿ ಹೂಡುವಾಗ ಹಳೆಯದಕ್ಕೆ ಇದೇ ಆಗುತ್ತದೆ, ಅದು ದೋಷವಲ್ಲ.

ಉತ್ತರ 3

> ಲಾಗ್‌ನ ಕೊನೆಯಲ್ಲಿ

ಲಾಗ್ ಎಂಬುದನ್ನು ಈ ಪುಟದಲ್ಲಿ ಬಿಡಲೇಬೇಕು. ಇದು ಬರೀ ಮಡಿವಂತಿಕೆಯ ಮಾತಲ್ಲ. ವಿಭಕ್ತಿ ಹಚ್ಚಿ ನೋಡಿ: ‘ಲಾಗಿನ ದೋಷ’ ಮತ್ತು ‘ಲಾಗಿನ್ ದೋಷ’. ನಡುವೆ ಇರುವುದು ಒಂದು ಅರ್ಧಾಕ್ಷರ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುವವರು ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ‘ಲಾಗ ಹಾಕು’ ಎಂಬುದು ಮೊದಲೇ ನಮ್ಮಲ್ಲಿದೆ, ಅದರ ಅರ್ಥವೇ ಬೇರೆ.

ನಡವಳಿ ಎನ್ನಿ. ಸಭೆಯ ನಡವಳಿ ಎಂದರೆ ನಡೆದದ್ದನ್ನು ನಡೆದ ಸಾಲಿನಲ್ಲೇ ಬರೆದಿಟ್ಟದ್ದು. ಲಾಗ್ ಮಾಡುವುದೂ ಅದನ್ನೇ. ಸಾಗುವಳಿ, ಹುಟ್ಟುವಳಿ, ನಡವಳಿ ಒಂದೇ ಸಾಲಿನ ಪದಗಳು, ‘ವಳಿ’ ಕನ್ನಡದ್ದೇ ಪ್ರತ್ಯಯ. ನಡಾವಳಿ ಎಂದು ಎಳೆದು ಅದನ್ನು ದೀಪಾವಳಿಯ ಪಕ್ಕ ಕೂರಿಸುವವರ ಜೊತೆ ನನಗೆ ವಾದವಿಲ್ಲ.

ಉತ್ತರ 5

ದಾಖಲೆ ಎಂದರೆ ಮುಗಿಯಿತಲ್ಲ.

ಉತ್ತರ 3

ದಾಖಲೆ ಅರಬ್ಬಿ ಮೂಲದ್ದು. ತಪಾಸಣೆ ಮರಾಠಿಯಿಂದ ಬಂದದ್ದು. ಕನ್ನಡದಲ್ಲೇ ಪದ ಇರುವಾಗ ಯಾಕೆ?

ಉತ್ತರ 5

ಹಾಗಾದರೆ ಕಚೇರಿ, ಜಮೀನು, ಅರ್ಜಿ, ವಸೂಲಿ, ರೈತ ಎಲ್ಲವನ್ನೂ ಕಳೆದು ಉಳಿದದ್ದರಲ್ಲಿ ಬರೆಯಿರಿ ನೋಡೋಣ. ನೀವು ಉದಾಹರಣೆ ಕೊಟ್ಟ ‘ದಾವೆ ಹೂಡು’ವಿನ ದಾವೆಯೂ ಅರಬ್ಬಿಯೇ. ಒಂದು ಪದ ನಮ್ಮ ವಿಭಕ್ತಿಗೆ ಬಗ್ಗಿದರೆ ಅದು ನಮ್ಮದು: ದಾಖಲೆಯಲ್ಲಿ, ದಾಖಲಿಸು, ದಾಖಲಾಗು. ಇಷ್ಟು ಸಲೀಸಾಗಿ ಕ್ರಿಯಾಪದವಾಗುವ ಗುಣ ನಡವಳಿಗೆ ಇದೆಯೇ? ‘ನಡವಳಿಸು’ ಎನ್ನುತ್ತೀರಾ? ಅದೂ ಅಲ್ಲದೆ ನಡವಳಿ ಎಂದರೆ ಅರ್ಧದಷ್ಟು ಜನ ನಡವಳಿಕೆ ಎಂದೇ ಓದುತ್ತಾರೆ.

ಮೂಲ ಹುಡುಕದೆ ಎರವಲು ತಂದಾಗ ಆಗುವ ಅನಾಹುತ ಬೇರೆ. ನೆಟ್‌ವರ್ಕ್ ಪೋರ್ಟನ್ನು ‘ಬಂದರು’ ಎಂದು ಬರೆದದ್ದು ಕಂಡಿದೆ. ಬಂದರು ಪಾರಸಿ ಎನ್ನುವುದು ನನಗೆ ತೊಂದರೆಯಲ್ಲ, ಅಲ್ಲಿ ಹಡಗು ನಿಲ್ಲುತ್ತದೆ ಎನ್ನುವುದು ತೊಂದರೆ. ಲ್ಯಾಟಿನ್‌ನಲ್ಲಿ ಬಂದರಿಗೊಂದು, ಬಾಗಿಲಿಗೊಂದು ಎರಡು ಪದಗಳಿದ್ದವು. ಇಂಗ್ಲಿಷಿಗೆ ಬರುವಾಗ ಎರಡಕ್ಕೂ ಒಂದೇ ರೂಪವಾಯಿತು. ನಮಗೆ ಬೇಕಿರುವುದು ಬಾಗಿಲಿನದು. ಕಿಂಡಿ ಎನ್ನಬಹುದು. ಅವಸರದ ಪುಟಕ್ಕೆ ಪೋರ್ಟ್ ಎಂದೇ ಇರಲಿ, ಏಕೆಂದರೆ ಸೆಟ್ಟಿಂಗಿನಲ್ಲಿ ಅವರು ಹುಡುಕುವ ಹೆಸರೂ ಪೋರ್ಟ್ ಎಂದೇ ಇರುತ್ತದೆ.

ಉತ್ತರ 2

ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಪರದೆಯ ಮೇಲೆ ಇರುವ ಹೆಸರನ್ನು ಮುಟ್ಟಬೇಡಿ, ಅದರ ಸುತ್ತಲಿನ ಮಾತು ಕನ್ನಡದಲ್ಲಿರಲಿ. ಎನ್ವಿರಾನ್‌ಮೆಂಟ್ ವೇರಿಯಬಲ್ ಕೂಡ ಹಾಗೆಯೇ. ‘ಪರಿಸರ ಚರಾಂಶ’ ಎಂದರೆ ಯಾರಿಗೂ ದಾರಿ ಸಿಗದು. ಆದರೆ ಅದನ್ನು ಯಾವಾಗ ಓದಲಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ: ‘ಕಟ್ಟುವಾಗ’ ಮತ್ತು ‘ಓಡುವಾಗ’. ಬ್ರೌಸರಿಗೆ ಹೋಗುವ ಕೋಡಿನಲ್ಲಿ ವೇರಿಯಬಲ್‌ಗಳ ಬೆಲೆಗಳು (ವ್ಯಾಲ್ಯೂ) ಕಟ್ಟುವಾಗಲೇ ಸೇರಿಕೊಂಡುಬಿಡುತ್ತವೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬೆಲೆ ಬದಲಿಸಿ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಹಳೆಯದೇ ಬರುತ್ತದೆ, ಮತ್ತೆ ಕಟ್ಟಬೇಕು. ಇನ್ನೊಂದು, ಬೇರೆ ಸೇವೆಯ ಗುಪ್ತ ಕೀಲಿಯನ್ನು (ಕೀ) ಅಂಟಿಸುವಾಗ ಕೊನೆಯಲ್ಲಿ ಒಂದು ಹೊಸಸಾಲು ಸೇರಿಕೊಂಡರೆ ಕಣ್ಣಿಗೆ ಕಾಣದು, ಗುರುತು ಒಪ್ಪಿಲ್ಲ ಎನ್ನುವ 401 ಬರುತ್ತಲೇ ಇರುತ್ತದೆ.

ಇನ್‌ಸ್ಟನ್ಸ್‌ಗೆ ‘ನಿದರ್ಶನ’ ದಯವಿಟ್ಟು ಬೇಡ. ‘ಪ್ರತಿ’ ಒಳ್ಳೆಯದು: ‘ಆ್ಯಪ್‌ನ 5 ಪ್ರತಿಗಳು ಓಡುತ್ತಿವೆ’. ಇಲ್ಲೊಂದು ಲೆಕ್ಕ ಪುಟದಲ್ಲಿರಲಿ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಮೂಲ ಸೆಟ್ಟಿಂಗಿನಲ್ಲಿ 100 ಸಂಪರ್ಕಗಳು, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಒಂದು ಪ್ರತಿಯ ಪೂಲ್ (ಅದು ತೆರೆದಿಟ್ಟುಕೊಳ್ಳುವ ಸಂಪರ್ಕಗಳು) 10 ಇದ್ದು 5 ಪ್ರತಿಗಳಿದ್ದರೆ 50, ಏನೂ ತೊಂದರೆಯಿಲ್ಲ. ಆದರೆ ಹೂಡುವ ಹೊತ್ತಿನಲ್ಲಿ ಹಳೆಯ 5, ಹೊಸ 5 ಜೊತೆಗೇ ಓಡಿದರೆ 100 ಬೇಕಾಗುತ್ತದೆ, ಸಿಗುವುದು 97. ಹೂಡುವಾಗ ಮಾತ್ರ ಬರುವ, ಎರಡು ನಿಮಿಷದಲ್ಲಿ ತಾನೇ ಮಾಯವಾಗುವ ಡೇಟಾಬೇಸ್ ದೋಷಕ್ಕೆ ಮೊದಲು ಇದನ್ನೇ ಲೆಕ್ಕ ಹಾಕಿ ನೋಡಬೇಕು. ಪೂಲನ್ನು 8ಕ್ಕೆ ಇಳಿಸಿದರೆ 80ರಲ್ಲಿ ಮುಗಿಯುತ್ತದೆ.

ಉತ್ತರ 4

‘ಪ್ರತಿ ಪ್ರತಿಗೂ’ ಎಂದು ಬರೆಯುವ ಪ್ರಸಂಗ ಬರುತ್ತದೆ, ಅಲ್ಲಿ ‘ಒಂದೊಂದು ಪ್ರತಿಗೂ’ ಎನ್ನಿ. ತಲೆಬರಹದ ‘ದೋಷ ಪರಿಹಾರ’ವನ್ನು ತೆಗೆಯಿರಿ. ಹುಡುಕಿದವರಿಗೆ ಗ್ರಹದೋಷ, ನಾಗದೋಷಗಳ ಪುಟಗಳು ಸಿಗುತ್ತವೆ. ‘ತೊಡಕು ಬಿಡಿಸುವುದು’ ಎಂದಿರಲಿ. ನೂಲಿನ ತೊಡಕನ್ನು ಬಿಡಿಸುವಾಗ ತುದಿ ಹುಡುಕಿಕೊಂಡು ಬರುವಂತೆ ಇಲ್ಲೂ ಮಾಡುತ್ತೇವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಈಗ ಹೀಗಿದೆ:

ಕಟ್ಟುವಾಗ ನಿಂತಿತು
ಹೂಡಲಾಗಲಿಲ್ಲ, ಹಳೆಯ ಆವೃತ್ತಿ ಓಡುತ್ತಿದೆ
ಆ್ಯಪ್ ಬಿದ್ದಿದೆ / ಏಳುತ್ತಲೇ ಬೀಳುತ್ತಿದೆ
ಗಡುವಿನೊಳಗೆ ಉತ್ತರ ಬರಲಿಲ್ಲ
ತಪಾಸಣೆಗೆ ಸರಿಯಾದ ಉತ್ತರ ಬರಲಿಲ್ಲ

ಲಾಗ್‌ಗೆ ದಾಖಲೆ ಎಂದು ಹಾಕುತ್ತಿದ್ದೇನೆ. ಉತ್ತರ 3ರವರ ಲಾಗಿನ್ ಎಚ್ಚರಿಕೆ ಸರಿ, ನಡವಳಿಗೆ ಮಾತ್ರ ನಾಳೆಯೊಳಗೆ ಒಪ್ಪಿಗೆ ಸಿಗುವುದಿಲ್ಲ. ಇನ್ನೊಂದು ಸಾಲು ಉಳಿದಿದೆ: ಎಫೆಮೆರಲ್ ಡಿಸ್ಕ್, ಅಂದರೆ ಬರೆದದ್ದು ಉಳಿಯದ ಡಿಸ್ಕ್. ಕರಡಿನಲ್ಲಿ ‘ತಾತ್ಕಾಲಿಕ ಸಂಗ್ರಹಣೆಯ ಕಡತಗಳನ್ನು ಅಳಿಸಲಾಗುತ್ತದೆ’ ಎಂದಿದೆ.

ಉತ್ತರ 3

ಗಡುವು ತೆಲುಗಿನಲ್ಲೂ ಗಡುವು, ತಮಿಳಿನಲ್ಲಿ ಕೆಡು. ಅದೊಂದಾದರೂ ಉಳಿಯಿತು. ದಾಖಲೆಗೆ ನನ್ನ ವಿರೋಧವಿದೆ, ಬರೆದುಕೊಳ್ಳಿ.

ಉತ್ತರ 2

‘ಅಳಿಸಲಾಗುತ್ತದೆ’ ಎಂದರೆ ಯಾರೋ ಅಳಿಸಿದರು, ಅವರನ್ನು ಕೇಳಿದರೆ ಮರಳಿ ಸಿಗಬಹುದು ಎನಿಸುತ್ತದೆ. ‘ಅಳಿಯುತ್ತವೆ’ ಎನ್ನಿ. ‘ತಾತ್ಕಾಲಿಕ’ವೂ ಸಾಲದು, ಎಷ್ಟು ಹೊತ್ತು ಎಂದು ಅದು ಹೇಳುವುದಿಲ್ಲ. ಕಂಟೇನರ್ ಮತ್ತೆ ಶುರುವಾದಾಗಲೆಲ್ಲ ಆ ಡಿಸ್ಕ್ ಬಿಲ್ಡ್ ಆದಾಗ ಇದ್ದ ಸ್ಥಿತಿಗೆ ಮರಳುತ್ತದೆ. ಹೆರೋಕುವಿನಲ್ಲಿ ನೀವು ಏನೂ ಮಾಡದಿದ್ದರೂ ದಿನಕ್ಕೊಮ್ಮೆ ಸುಮಾರು 24 ಗಂಟೆಗೆ ಇದು ಆಗುತ್ತದೆ. ಬಳಕೆದಾರರು ಏರಿಸಿದ ಚಿತ್ರಗಳು ನಿನ್ನೆ ಇದ್ದವು, ಇವತ್ತಿಲ್ಲ ಎಂಬ ದೂರಿಗೆ ಕಾರಣ ಇದೇ. ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟ್‌ನ ಫೈಲನ್ನು ಅಲ್ಲಿ ಇಟ್ಟವರ ಡೇಟಾಬೇಸೂ ಹೋಗುತ್ತದೆ. ಸಾಲು ಹೀಗಿರಲಿ:

‘ಈ ಡಿಸ್ಕಿನಲ್ಲಿ ಬರೆದದ್ದು ಆ್ಯಪ್ ಮತ್ತೆ ಶುರುವಾದಾಗ ಅಳಿಯುತ್ತದೆ. ಉಳಿಯಬೇಕಾದ ಫೈಲುಗಳನ್ನು ಆಬ್ಜೆಕ್ಟ್ ಸ್ಟೋರೇಜ್‌ನಲ್ಲೋ (ಫೈಲುಗಳನ್ನು ಬೇರೆಯಾಗಿ ಇಡುವ ಸೇವೆ) ಡೇಟಾಬೇಸಿನಲ್ಲೋ ಇಡಿ.’

ಇದು ತೊಡಕು ಬಿಡಿಸುವ ಪುಟದಲ್ಲಿ ಮಾತ್ರ ಇದ್ದರೆ ಫೈಲು ಕಳೆದುಕೊಂಡ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ‘ಹೂಡು’ ಬಟನ್ ಇರುವ ಪುಟದಲ್ಲೂ ಹಾಕಲು ಹೇಳಿ.