‘ಹಾಗೆ’ ಅಂದರೆ ಹೇಗೆ?

ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಅಕ್ಕನ ಮಗ ಪುಟ್ಟ, ಅಮೆರಿಕದ ಐವರು ಹುಡುಗರ ಗುಂಪು ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹಾಡಿದ, 1999ರಲ್ಲಿ ಬಂದ ‘ಐ ವಾಂಟ್ ಇಟ್ ದಟ್ ವೇ’ ವಿಡಿಯೋ ಕಳಿಸಿದ್ದ. ಅಲ್ಲಿಂದ ಶುರುವಾಯಿತು.

ಪುಟ್ಟ: ಚಿಕ್ಕಮ್ಮ, ನಿಮ್ಮ ಕಾಲದ ದೊಡ್ಡ ಹಾಡು ಇದೇ ಅಲ್ವಾ? ಮೂರು ಸಲ ಕೇಳಿದೆ. ಇವನಿಗೆ ಏನು ಬೇಕು ಅಂತಲೇ ಗೊತ್ತಾಗಲಿಲ್ಲ. ಚರಣದಲ್ಲಿ ‘ನನಗೆ ಹಾಗೇ ಬೇಕು’ ಅಂತಾನೆ. ಪಲ್ಲವಿಗೆ ಬಂದರೆ, ಅದೇ ಮಾತನ್ನು ನೀನು ಹೇಳಬೇಡ, ನಾನು ಕೇಳಲಾರೆ ಅಂತಾನೆ. ‘ಹಾಗೆ’ ಅಂದರೆ ಹೇಗೆ?

ಅತ್ತೆ: ಬಿಳಿ ಬಟ್ಟೆ ಚೆನ್ನಾಗಿದೆ. ಯಾವ ಏರ್‌ಪೋರ್ಟು ಇದು?

ನಾನು: ಲಾಸ್ ಏಂಜಲೀಸ್‌ದು ಅತ್ತೆ. ಪುಟ್ಟ, ಸ್ವಲ್ಪ ಇರು. ದೊಡ್ಡ ಉತ್ತರ ಬರೆಯಬೇಕು.

ದೊಡ್ಡಪ್ಪ: ನಾನೂ ಕೇಳಿದೆ. ಪುಟ್ಟ ಹೇಳಿದ್ದು ಸರಿ. ಇಷ್ಟು ವರ್ಷ ಕನ್ನಡ ಪಾಠ ಮಾಡಿದವನು ನಾನು. ಒಂದು ಸಾಲು ಕಟ್ಟಿದ್ದನ್ನು ಇನ್ನೊಂದು ಸಾಲು ಕೆಡವಿದರೆ ಕೈಗೆ ಏನು ಉಳಿಯುತ್ತದೆ? ರಾಗ ಹಾಕಿದ ಮಾತ್ರಕ್ಕೆ ಅದು ಹಾಡಾಗುವುದಿಲ್ಲ.

ನಾನು: ದೊಡ್ಡಪ್ಪ, ಇದನ್ನು ಬರೆದವರು ಮ್ಯಾಕ್ಸ್ ಮಾರ್ಟಿನ್ ಮತ್ತು ಆಂಡ್ರಿಯಾಸ್ ಕಾರ್ಲ್‌ಸನ್. ಇಬ್ಬರೂ ಸ್ವೀಡನ್‌ನವರು. ಇಂಗ್ಲಿಷ್ ಅವರ ಮನೆಮಾತಲ್ಲ. ಮ್ಯಾಕ್ಸ್ ಮಾರ್ಟಿನ್ ಮೊದಲು ರಾಗ ಕಟ್ಟುವವನು. ಆಮೇಲೆ ಆ ರಾಗದೊಳಗೆ ನಾಲಿಗೆಗೆ ಸಲೀಸಾಗಿ ಕೂರುವ ಮಾತು ಹುಡುಕುತ್ತಾನೆ. ನಮ್ಮ ಕೋಲಾಟದಲ್ಲಿ ‘ಕೋಲೆನ್ನ ಕೋಲೆ’ ಇಲ್ವಾ? ‘ತಂದಾನಿ ತಾನ’ಕ್ಕೆ ಯಾರು ಅರ್ಥ ಕೇಳುತ್ತಾರೆ? ಅದಿಲ್ಲದೆ ಹಾಡು ಎದ್ದು ನಿಲ್ಲುವುದಿಲ್ಲ.

ದೊಡ್ಡಪ್ಪ: ಆ ಹೋಲಿಕೆ ಕೂಡುವುದಿಲ್ಲ ಮಗಳೇ. ‘ತಂದಾನಿ ತಾನ’ ತನಗೆ ಅರ್ಥ ಇದೆ ಅಂತ ಎಂದೂ ಹೇಳಿಕೊಂಡಿಲ್ಲ. ಅದು ಸೊಲ್ಲು. ಇಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇರುವ ವಾಕ್ಯ ಇದೆ. ವಾಕ್ಯ ಬರೆದ ಮೇಲೆ ಅರ್ಥ ಕೇಳುವ ಹಕ್ಕು ನನಗಿದೆ.

ಅಕ್ಕ: ದೊಡ್ಡಪ್ಪ, ಇವಳು ಮತ್ತು ನಾನು ಈ ಹಾಡನ್ನು ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆವು. ಅರ್ಧ ಪದ ತಪ್ಪು. ಆದರೂ ಅತ್ತಿದ್ದೇವೆ.

ಪುಟ್ಟ: ಅಮ್ಮ, ಅಳು ಬಂತು ಅಂದರೆ ಹಾಡು ಒಳ್ಳೆಯದು ಅಂತ ಅಲ್ಲ. ಈ ಐದು ಜನ ಇದನ್ನು ಬರೆದೂ ಇಲ್ಲ, ರಾಗ ಹಾಕಿಯೂ ಇಲ್ಲ. 1993ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೋದಲ್ಲಿ ಒಬ್ಬ ದುಡ್ಡಿನವನು ಹುಡುಗರನ್ನು ಆರಿಸಿ ಕೂಡಿಸಿದ ಗುಂಪು ಇದು. ಲೂ ಪರ್ಲ್‌ಮನ್. ಜನರ ಹೂಡಿಕೆ ಹಣ ನುಂಗಿದ ಕೇಸಿನಲ್ಲಿ 2008ರಲ್ಲಿ ಅವನಿಗೆ 25 ವರ್ಷ ಶಿಕ್ಷೆ ಆಯಿತು. ಕಾರ್ಖಾನೆಯಲ್ಲಿ ಮಾಡಿದ ಮಾಲು ಇದು.

ನಾನು: ಪರ್ಲ್‌ಮನ್ ಬಗ್ಗೆ ನೀನು ಹೇಳಿದ್ದು ನಿಜ. ತಮ್ಮ ದುಡಿಮೆಯ ದುಡ್ಡಿಗಾಗಿ ಈ ಹುಡುಗರೇ ಅವನ ಮೇಲೆ ಕೋರ್ಟಿಗೆ ಹೋದರು. ಆದರೆ ಬರೆದವರು ಬೇರೆ, ಹಾಡುವವರು ಬೇರೆ ಅನ್ನುವುದು ತಪ್ಪೇ? ನಮ್ಮ ಸಿನಿಮಾ ಹಾಡು ಎಲ್ಲ ಹಾಗೇ ಅಲ್ವಾ? ಒಬ್ಬರು ಬರೆದರು, ಒಬ್ಬರು ರಾಗ ಹಾಕಿದರು, ಇನ್ನೊಬ್ಬರು ಹಾಡಿದರು. ಅದಕ್ಕೆ ಯಾರೂ ಕಾರ್ಖಾನೆ ಅನ್ನುವುದಿಲ್ಲ.

ನಾನು: ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವಿಬ್ಬರೂ ಕೇಳುತ್ತಿರುವ ಈ ಪ್ರಶ್ನೆ ಹಾಡು ಬಿಡುಗಡೆ ಆಗುವ ಮೊದಲೇ ಎದ್ದಿತ್ತು. ಅರ್ಥ ಕೂಡಿ ಬರುವ ಹಾಗೆ ಸಾಲುಗಳನ್ನು ತಿದ್ದಿ ಇನ್ನೊಂದು ರೂಪ ಮಾಡಿದರು. ಅದನ್ನೂ ಇದೇ ಐವರು ಹಾಡಿ ರೆಕಾರ್ಡ್ ಮಾಡಿದ್ದಾರೆ. ಅದರಲ್ಲಿ ‘ನೀನು ಹಾಗೆ ಹೇಳುವುದು ಕೇಳಲು ನನಗೆ ಇಷ್ಟ’ ಅಂತ ಬರುತ್ತದೆ. ಎಲ್ಲ ಸರಿಯಾಗಿದೆ. ಆದರೆ ಪಲ್ಲವಿಯ ಆರಂಭದ ‘ಟೆಲ್ ಮಿ ವೈ’ ಹೋಗಿಬಿಟ್ಟಿದೆ! ‘ಯಾಕೆ ಅಂತ ಹೇಳು’ ಅನ್ನುವ ಮೂರು ಪದ. ಆ ಜಾಗದಲ್ಲಿ ‘ವಿದಾಯ ಬೇಡ’ ಅನ್ನುವ ಮಾತು ಕೂತಿದೆ. ಎರಡನ್ನೂ ಕೇಳಿದ ಹುಡುಗರು ಮೊದಲಿನದೇ ಇರಲಿ ಅಂದರು. ಅವರು ಬರೆಯಲಿಲ್ಲ, ಸರಿ. ಆದರೆ ಆರಿಸಿಕೊಂಡರು. ಆ ಕಿವಿಗೆ ನಾನು ಕೈ ಮುಗಿಯುತ್ತೇನೆ.

ದೊಡ್ಡಪ್ಪ: ಅಂದರೆ ಅರ್ಥ ಇರುವುದನ್ನು ಬಿಟ್ಟು ಇಲ್ಲದ್ದನ್ನು ಇಟ್ಟುಕೊಂಡರು.

ನಾನು: ಇಲ್ಲ ದೊಡ್ಡಪ್ಪ. ಉತ್ತರ ಬಿಟ್ಟು ಪ್ರಶ್ನೆ ಇಟ್ಟುಕೊಂಡರು. ಸಾಲುಗಳನ್ನು ಇನ್ನೊಮ್ಮೆ ನೋಡಿ. ಮೊದಲ ಚರಣದಲ್ಲಿ ಬ್ರಯಾನ್ ‘ನೀನು ನನ್ನ ಬೆಂಕಿ’ ಅಂತ ಹಾಡುತ್ತಾನೆ. ಎರಡನೆಯದರಲ್ಲಿ ಎ. ಜೆ. ಅದನ್ನೇ ತಿರುಗಿಸುತ್ತಾನೆ. ‘ನಾನು ನಿನ್ನ ಬೆಂಕಿಯಾ?’ ಅಂತ ಕೇಳುತ್ತಾನೆ. ಮೊದಲು ಗಟ್ಟಿಯಾಗಿ ಹೇಳಿದ್ದು ಆಮೇಲೆ ಅನುಮಾನ ಆಯಿತು. ಇಬ್ಬರ ನಡುವೆ ಏನೋ ಮುರಿದಿದೆ. ಏನು ಅಂತ ಅವನಿಗೇ ತಿಳಿಯುತ್ತಿಲ್ಲ. ತಿಳಿಯದವನ ಬಾಯಲ್ಲಿ ಮಾತು ಹಿಂದೆಮುಂದೆ ಆಗುವುದಿಲ್ವಾ? ಮನೆಯಲ್ಲಿ ಜಗಳ ಆದ ಮೇಲೆ ಅಜ್ಜಿ ‘ಹಾಗೇ ಇರಲಿ ಬಿಡು’ ಅನ್ನುತ್ತಿದ್ದರು. ‘ಹಾಗೆ’ ಅಂದರೆ ಹೇಗೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?

ದೊಡ್ಡಪ್ಪ: ಅಮ್ಮನ ಮಾತು ನಮಗೆ ತಿಳಿಯುತ್ತಿತ್ತು, ಯಾಕೆಂದರೆ ಜಗಳ ನಮ್ಮ ಕಣ್ಣ ಮುಂದೆ ಆಗಿತ್ತು. ಇಲ್ಲಿ ಜಗಳ ಎಲ್ಲಿದೆ?

ಅಕ್ಕ: ಕೇಳುವವರ ಹತ್ತಿರ ಇರುತ್ತದೆ ದೊಡ್ಡಪ್ಪ. ನಮ್ಮ ಹತ್ತಿರ ಇತ್ತು.

ಪುಟ್ಟ: ಅಮ್ಮ?

ಅಕ್ಕ: ಆಮೇಲೆ ಹೇಳುತ್ತೇನೆ.

ಪುಟ್ಟ: ಸರಿ. ಆದರೆ ಚಿಕ್ಕಮ್ಮ, ಅಷ್ಟು ದೊಡ್ಡ ಹಾಡು ಆಗಿದ್ದರೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಯಾಕೆ ನಿಂತಿತು?

ನಾನು: ಅಲ್ಲಿ ಅದನ್ನು ಬಿಡಿ ಸಿಂಗಲ್ ಆಗಿ ಅಂಗಡಿಯಲ್ಲಿ ಮಾರಲೇ ಇಲ್ಲ. ರೇಡಿಯೋದಲ್ಲಿ ಬಂದದ್ದರ ಮೇಲೆ ಮಾತ್ರ ಆ ಸ್ಥಾನ. ಹಾಡು ಬೇಕಿದ್ದವರು ‘ಮಿಲೆನಿಯಮ್’ ಆಲ್ಬಮ್ ಕೊಳ್ಳಬೇಕಿತ್ತು. ಮೊದಲ ವಾರವೇ ಅಮೆರಿಕದಲ್ಲಿ 11 ಲಕ್ಷಕ್ಕೂ ಜಾಸ್ತಿ ಹೋಯಿತು. ಸಿಂಗಲ್ ಮಾರಿದ ಬ್ರಿಟನ್‌ನಲ್ಲಿ 1ನೇ ಸ್ಥಾನ. ಆದರೆ ಲೆಕ್ಕ ಹೇಳಿ ನಿನ್ನನ್ನು ಒಪ್ಪಿಸಲು ನನಗೆ ಇಷ್ಟವಿಲ್ಲ. ಹೆಡ್‌ಫೋನ್ ಹಾಕಿ ಕೊನೆಯ ಒಂದು ನಿಮಿಷ ಕೇಳು. ಪಲ್ಲವಿ ಕೊನೆಗೆ ತಿರುಗಿ ಬರುವಾಗ ಶ್ರುತಿಯೇ ಮೇಲಕ್ಕೆ ಏರುತ್ತದೆ. ಅದೇ ಪ್ರಶ್ನೆ, ಆದರೆ ಈಗ ಕೂಗಿ ಕೇಳುವ ಹಾಗೆ. 1998ರಲ್ಲಿ ಬ್ರಯಾನ್‌ಗೆ ಹೃದಯದ ಆಪರೇಷನ್ ಆಗಿತ್ತು. ಅದಾದ ಮೇಲೆ ಈ ದನಿ.

ಅತ್ತೆ: ಅಯ್ಯೋ. ಯಾವ ಹುಡುಗ ಅವನು?

ನಾನು: ಮೊದಲು ಹಾಡುವವನು ಅತ್ತೆ. ಅದೇ ಗುಂಪಿನ ಕೆವಿನ್ ಅವನ ಕಸಿನ್. ಕೆವಿನ್ ಫೋನ್ ಮಾಡಿ ಕರೆದದ್ದಕ್ಕೇ ಬ್ರಯಾನ್ ಕೆಂಟಕಿಯಿಂದ ಬಂದು ಗುಂಪು ಸೇರಿದ.

ಪುಟ್ಟ: ಶ್ರುತಿ ಏರುವ ಜಾಗ ಕೇಳಿದೆ. ಅದು ಚೆನ್ನಾಗಿದೆ, ಒಪ್ಪಿದೆ. ಮಾತು ಮಾತ್ರ ಇನ್ನೂ ಒಪ್ಪಿಲ್ಲ.

ದೊಡ್ಡಪ್ಪ: ಆ ತಿದ್ದಿದ ರೂಪ ಇದ್ದರೆ ಕಳಿಸು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳದೆ ನಾನು ತೀರ್ಪು ಹೇಳುವುದಿಲ್ಲ.

ನಾನು: ಕಳಿಸಿದ್ದೇನೆ.

ದೊಡ್ಡಪ್ಪ: ಕೇಳಿದೆ. ತಿದ್ದಿದ್ದರಲ್ಲಿ ವ್ಯಾಕರಣ ಇದೆ, ನೋವಿಲ್ಲ. ನೀನು ಹೇಳಿದ ‘ಯಾಕೆ’ ಇಲ್ಲದೆ ಪಲ್ಲವಿ ಸಪ್ಪೆ. ಆದರೆ ಮೊದಲಿನದರಲ್ಲಿ ಒಂದೇ ಒಂದು ಪದ ಬದಲಿಸಿದ್ದರೆ ನೋವೂ ಉಳಿಯುತ್ತಿತ್ತು, ಅರ್ಥವೂ ಬರುತ್ತಿತ್ತು. ಯಾವ ಪದ ಅಂತ ರಾತ್ರಿ ಊಟ ಆದ ಮೇಲೆ ಬರೆಯುತ್ತೇನೆ.

ಪುಟ್ಟ: ತಾತ, ಬರೆಯಿರಿ. ನಾನು ಎದ್ದೇ ಇರುತ್ತೇನೆ.