50 ದಾಟಿದ ಮೇಲೆ ಕರಾಟೆ: ಕ್ಲಾಸ್ ಹೇಗಿರಬೇಕು?

ಬಿಳಿಬೆಲ್ಟ್52
ಎಲ್ಲರಿಗೂ ನಮಸ್ಕಾರ. ನನಗೆ 52. ಕರಾಟೆ ಕಲಿಯುವ ಆಸೆ ಬಹಳ ಹಳೆಯದು, ಸಮಯ ಸಿಕ್ಕಿದ್ದು ಈಗ. ಎರಡು ಕಡೆ ವಿಚಾರಿಸಿದೆ. ಒಂದು ಕಡೆ ಎಲ್ಲರಿಗೂ ಒಂದೇ ಬ್ಯಾಚ್, ಇಪ್ಪತ್ತರ ಹುಡುಗರ ಸಮಕ್ಕೆ ಓಡಬೇಕು, ಜಿಗಿಯಬೇಕು. ಇನ್ನೊಂದು ಕಡೆ 40 ದಾಟಿದವರಿಗೆ ಬೇರೆ ಬ್ಯಾಚ್ ಇದೆ, ಆದರೆ ಅಲ್ಲಿ ಕುಮಿಟೆ (ಎದುರಾಳಿ ಜೊತೆ ಆಡುವುದು) ಇಲ್ಲವೇ ಇಲ್ಲ, ಬರೀ ಕಟಾ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ). "ಈ ವಯಸ್ಸಿಗೆ ಅಷ್ಟು ಸಾಕು ಸರ್" ಅಂದರು. ನನಗೆ ಸಾಕಾಗುವುದಿಲ್ಲ. ಎಡ ಮಂಡಿ ಮೆಟ್ಟಿಲು ಇಳಿಯುವಾಗ ಒಂಚೂರು ನೋಯುತ್ತದೆ, ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಸೇರುವ ಮೊದಲು ಏನು ನೋಡಬೇಕು?

ಹಳೇಡೋಜೋ
ಸರ್, ನಾನು ದೊಡ್ಡವರ ಬ್ಯಾಚನ್ನೇ ನಡೆಸುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಮಟ್ಟಿಗೆ ಕಲಿಸುವ ವಿಷಯ ಕಡಿಮೆ ಮಾಡಬಾರದು, ಕಲಿಸುವ ವೇಗ ಮತ್ತು ಕ್ರಮ ಬದಲಾಗಬೇಕು. ಕುಮಿಟೆ ಬೇಡ ಅನ್ನುವುದು ತಪ್ಪು. ಶೋಟೊಕಾನ್ ಅನ್ನುವ ಕರಾಟೆ ಶೈಲಿಯಲ್ಲಿ ಅದಕ್ಕೆ ಮೆಟ್ಟಿಲುಗಳೇ ಇವೆ. ಮೊದಲು ಐದು ಹೆಜ್ಜೆಯ ಗೋಹೊನ್, ಆಮೇಲೆ ಮೂರು ಹೆಜ್ಜೆಯದು, ಒಂದು ಹೆಜ್ಜೆಯದು, ಕೊನೆಗೆ ಸ್ವತಂತ್ರವಾಗಿ ಆಡುವುದು. ಮೊದಲ ಮೂರರಲ್ಲಿ ಹೊಡೆತ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅಂತರ, ಟೈಮಿಂಗ್ ಎರಡನ್ನೂ ನಿಧಾನವಾಗಿ ಕಲಿಯಬಹುದು. ಇದನ್ನು ಯಾವ ವಯಸ್ಸಿನವರೂ ಮಾಡಬಹುದು.

ಟ್ರಯಲ್ ಕ್ಲಾಸಿಗೆ ಹೋದಾಗ ವಾರ್ಮಪ್ ನೋಡಿ. 15-20 ನಿಮಿಷ ಕೊಡಬೇಕು. ಬಂದ ಕೂಡಲೇ ಕಾಲು ಚಾಚಿ ಎಳೆದು ಕೂರಿಸಿದರೆ, ಕುಕ್ಕರುಗಾಲಲ್ಲಿ ನಡೆಸಿದರೆ, ಅದು ನಿಮಗಲ್ಲ.

ಆಮೇಲೆ ಒದೆತ ಕಲಿಸುವುದನ್ನು ನೋಡಿ. ಮವಾಶಿ ಗೇರಿಯಲ್ಲಿ, ಅಂದರೆ ಕಾಲನ್ನು ಬದಿಯಿಂದ ಸುತ್ತಿಸಿ ಒದೆಯುವುದರಲ್ಲಿ, ಎಲ್ಲರ ಕಣ್ಣೂ ಮೇಲೇಳುವ ಕಾಲಿನ ಮೇಲೆ ಇರುತ್ತದೆ. ಒಳ್ಳೆ ಮೇಷ್ಟ್ರ ಕಣ್ಣು ನೆಲದ ಮೇಲಿರುವ ಕಾಲಿನ ಕಡೆ ಇರುತ್ತದೆ. ಆ ಪಾದ ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಪಾದ ನೆಲಕ್ಕೆ ಅಂಟಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ಒದೆತ ಸೊಂಟದ ಎತ್ತರಕ್ಕೆ ಹೋದರೆ ಸಾಕು, ಆದರೆ ಪಾದ ತಿರುಗಲೇಬೇಕು. ಗಾಳಿಗೆ ಗುದ್ದುವಾಗಲೂ ಮೊಣಕೈ ಕಟಕ್ ಅಂತ ಪೂರ್ತಿ ಲಾಕ್ ಆಗಬಾರದು, ಪ್ಯಾಡಿಗೆ ಹೊಡೆಯುವುದು ವಾಸಿ.

ಇನ್ನೊಂದು. ಸ್ನಾಯು ಕೆಲವು ವಾರಗಳಲ್ಲೇ ಬಲವಾಗುತ್ತದೆ, ಮೂಳೆಗೆ ಅದನ್ನು ಹಿಡಿದಿಡುವ ಸ್ನಾಯುರಜ್ಜು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಅದಕ್ಕೇ ಎರಡು-ಮೂರನೇ ತಿಂಗಳಲ್ಲಿ "ಈಗ ಚೆನ್ನಾಗಿದ್ದೇನೆ" ಅಂತ ಜೋರು ಮಾಡಿದವರಿಗೇ ಹಿಮ್ಮಡಿ, ಮೊಣಕೈ ನೋವು ಬರುವುದು ಜಾಸ್ತಿ. ವಾರಕ್ಕೆ ಎರಡು ಕ್ಲಾಸ್, ನಡುವೆ ಬಿಡುವು. ಮೊದಲ ಆರು ತಿಂಗಳು ಅದಕ್ಕಿಂತ ಹೆಚ್ಚು ಬೇಡ ಅಂತ ನಾನೇ ತಡೆಯುತ್ತೇನೆ.

ಮ್ಯಾಟ್‌ಮೇಲೆ
ನಾನು ಜೂಡೋ ಮಾಡುವವಳು, ವಯಸ್ಸು 61. ಕರಾಟೆ ಶಾಲೆಯಾದರೂ ಬೀಳುವುದನ್ನು ಹೇಳಿಕೊಡುತ್ತಾರಾ ಅಂತ ಖಂಡಿತ ಕೇಳಿ ಸರ್. ನಾವು ಅದಕ್ಕೆ ಉಕೆಮಿ ಅನ್ನುತ್ತೇವೆ. ಮೊದಲು ಮಲಗಿಕೊಂಡೇ ಕೈ ಬಡಿಯುವುದು, ಆಮೇಲೆ ಕುಕ್ಕರುಗಾಲಿಂದ, ನಿಂತು ಬೀಳುವುದು ಎಲ್ಲಕ್ಕಿಂತ ಕೊನೆಗೆ. ಮಂಡಿ ಬಗ್ಗದವರು ಕುರ್ಚಿ ಎತ್ತರದ ದಪ್ಪ ಮ್ಯಾಟ್ ಮೇಲಿಂದ ಶುರು ಮಾಡಬಹುದು. ಗಲ್ಲ ಎದೆಗೆ ತಾಗಿಸಿ ಬೆಲ್ಟ್ ಗಂಟು ನೋಡಬೇಕು, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಹಿಂದಕ್ಕೆ ಬೀಳುವಾಗ ಕೈ ಊರುವುದು ಎಲ್ಲರ ಅಭ್ಯಾಸ, ಮಣಿಕಟ್ಟು ಮುರಿಯುವುದೇ ಹಾಗೆ. ಆ ಅಭ್ಯಾಸ ಬಿಡಿಸುವುದಕ್ಕೇ ತಿಂಗಳು ಬೇಕು. ಜೀವನದಲ್ಲಿ ಯಾರ ಜೊತೆಗೂ ಹೊಡೆದಾಡದೇ ಇರಬಹುದು, ಬಚ್ಚಲಲ್ಲಿ ಜಾರುವುದಂತೂ ಯಾರಿಗೂ ತಪ್ಪಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ, ಬಲ ಎರಡಕ್ಕೂ ವ್ಯಾಯಾಮ ಬೇಕು ಅನ್ನುತ್ತದೆ.

ಒಂದೇಬ್ಯಾಚ್
ನನಗೆ ಪೂರ್ತಿ ಬೇರೆ ಬ್ಯಾಚ್ ಅನ್ನುವುದೇ ಹಿಡಿಸುವುದಿಲ್ಲ. ಬರೀ ನಮ್ಮ ವಯಸ್ಸಿನವರ ಜೊತೆ ಆಡಿದರೆ ವೇಗದ ಅಂದಾಜೇ ಸಿಗುವುದಿಲ್ಲ. ನಾನಿರುವ ಕಡೆ ಬೇಸಿಕ್ ಬೇರೆ, ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ. ಜೊತೆಗಾರರನ್ನು ನಾವೇ ಆರಿಸಿಕೊಳ್ಳಬಹುದು, ಸುಸ್ತಾದರೆ ಯಾರನ್ನೂ ಕೇಳದೆ ಒಂದು ಸುತ್ತು ಕೂರಬಹುದು. ಈ ಎರಡು ಇದ್ದರೆ 20ರ ಹುಡುಗರ ಜೊತೆ ಏನೂ ಭಯ ಇಲ್ಲ. ಟೂರ್ನಮೆಂಟ್‌ಗೆ ಮಾತ್ರ ವಯಸ್ಸಿನ ಗುಂಪು ಬೇಕೇ ಬೇಕು. ಬ್ರೆಜಿಲಿಯನ್ ಜಿಯು-ಜಿತ್ಸು, ಜೂಡೋ ಎರಡರಲ್ಲೂ 30ಕ್ಕೇ ಹಿರಿಯರ ವಿಭಾಗ ಶುರು.

ಬೆಲ್ಟ್ ಪರೀಕ್ಷೆ ಬಗ್ಗೆಯೂ ಕೇಳಿ. ಪುಷ್‌ಅಪ್ ಲೆಕ್ಕ, ಒದೆತದ ಎತ್ತರ ಸಡಿಲಿಸಲಿ. ಕಟಾ ಸ್ವಚ್ಛವಾಗಿ ಇರಬೇಕು ಅನ್ನುವುದನ್ನು ಸಡಿಲಿಸಬಾರದು. ಪಾಪ ವಯಸ್ಸಾಗಿದೆ ಅಂತ ಕೊಟ್ಟ ಬೆಲ್ಟ್ ಸೊಂಟಕ್ಕೆ ಕಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ?

ಬಿಳಿಬೆಲ್ಟ್52
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀಳುವುದನ್ನು ಕಲಿಸುತ್ತಾರಾ ಅಂತ ಕೇಳಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ ಮೇಡಂ. ಎರಡೂ ಕಡೆ ಒಂದೊಂದು ಕ್ಲಾಸ್ ನೋಡಿ ಬರುತ್ತೇನೆ. ಹಳೇಡೋಜೋ ಸರ್, ಮಂಡಿ ವಿಷಯ ಮೊದಲೇ ಹೇಳಬೇಕಾ?

ಹಳೇಡೋಜೋ
ಮೊದಲ ದಿನವೇ ಹೇಳಿ. ಮಂಡಿ ಊದುವುದು, ನಡೆಯುವಾಗ ತಟ್ಟನೆ ಕುಸಿಯುವುದು, ಸಿಕ್ಕಿಹಾಕಿಕೊಳ್ಳುವುದು ಇದ್ದರೆ ಕ್ಲಾಸಿಗಿಂತ ಮೊದಲು ಡಾಕ್ಟರಿಗೆ ತೋರಿಸಿ. ಬರೀ ಮೆಟ್ಟಿಲಿಳಿಯುವ ನೋವಾದರೂ ಒಂದು ಸಲ ತೋರಿಸುವುದು ಒಳ್ಳೆಯದು. ಮುಂದಿನ ಕಾಲು ಬಗ್ಗಿಸಿ ನಿಲ್ಲುವ ಜೆನ್ಕುತ್ಸು ದಾಚಿಯನ್ನು ಸ್ವಲ್ಪ ಎತ್ತರಕ್ಕೆ ಮಾಡಿ, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಲಿ, ಒಳಕ್ಕೆ ವಾಲಬಾರದು. ಕ್ಲಾಸ್ ಶುರುವಿಗೆ, ಕೊನೆಗೆ ಮಂಡಿಯೂರಿ ಸೇಜಾದಲ್ಲಿ ಕೂರಿಸುತ್ತಾರೆ. ನೋವಿದ್ದರೆ ನಿಂತೇ ನಮಸ್ಕಾರ ಮಾಡುತ್ತೇನೆ ಅಂತ ಹೇಳಿ, ಅದಕ್ಕೆ ಮುಖ ಸಿಂಡರಿಸಿದರೆ ಇನ್ನೊಂದು ಶಾಲೆ ನೋಡಿ.