ಆರನೇ ಕ್ಲಾಸಿಗಲ್ಲ, ಐದಕ್ಕೇ ಹಾಸನಕ್ಕೆ

ಮಗಳು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಹಾಸನಕ್ಕೆ ವಾಪಸ್ ಹೋಗೋಣ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಈ ಸಲ ರಜೆಗೆ ಹೋದಾಗ ಸುಮ್ನೆ ಕೂರದೆ ನಾಲ್ಕಾರು ಸರ್ಕಾರಿ ಶಾಲೆ ನೋಡಿ ಬಂದೆ. ನಮ್ಮ ಲೆಕ್ಕವೇ ಬದಲಾಯಿತು.

ನಾವೀಗ ಇರುವ ಕಡೆಯ ಮಿಡಲ್ ಸ್ಕೂಲ್, ಅಂದರೆ ಪ್ರಾಥಮಿಕಕ್ಕೂ ಹೈಸ್ಕೂಲಿಗೂ ನಡುವಿನ ಶಾಲೆ, ಊರಲ್ಲಿ ಅದೇ ರೂಪದಲ್ಲಿ ಸಿಗುವುದಿಲ್ಲ. ಹೆಚ್ಚಿನ ಕಡೆ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ, ಎಂಟಕ್ಕೆ ಹೈಸ್ಕೂಲು. ಆರಕ್ಕೆ ಸೇರಿದ ಮಗು ಎರಡೇ ವರ್ಷಕ್ಕೆ ಮತ್ತೆ ಹೊಸ ಶಾಲೆ, ಹೊಸ ಗೆಳೆಯರು ಅಂತ ಶುರು ಮಾಡಬೇಕು. ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಆ ಚಿಂತೆ ಇಲ್ಲ, ಪಿಯುಸಿವರೆಗೂ ಒಂದೇ ಕಡೆ.

ಪೇಟೆಯ ಒಂದು ಶಾಲೆಯಲ್ಲಿ ಹೊಸ ಬಣ್ಣ, ಗೋಡೆಗೆ ದೊಡ್ಡ ಟಿವಿ. ಆದರೆ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲ, ಅತಿಥಿ ಶಿಕ್ಷಕರಿಗೆ ಕಾಯುತ್ತಿದ್ದರು. ಸಕಲೇಶಪುರದ ಕಡೆಯ ಹಳ್ಳಿ ಶಾಲೆಯ ಹೆಂಚು ಸೋರುತ್ತಿತ್ತು. ಅಲ್ಲಿನ ಗಣಿತದ ಮೇಡಂಗೆ ಮಾತ್ರ ಯಾವ ಮಗುವಿಗೆ ಭಿನ್ನರಾಶಿ ಬರುವುದಿಲ್ಲ ಎಂಬುದು ಹೆಸರು ಹೆಸರಾಗಿ ಗೊತ್ತಿತ್ತು. ನಾನು ಆ ಶಾಲೆಯನ್ನೇ ಆರಿಸುತ್ತೇನೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು, ವಿಜ್ಞಾನ-ಗಣಿತ, ಸಮಾಜ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಶಾಲೆಗೆ ಹೋದರೆ ಮೊದಲು ಇದನ್ನೇ ಕೇಳಿ. ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇರುವ ಒಬ್ಬ ತಾಯಿಯನ್ನೋ ತಂದೆಯನ್ನೋ ಮಾತಾಡಿಸಿ, ಇನ್ನೂ ಜಾಸ್ತಿ ತಿಳಿಯುತ್ತದೆ.

ಚಿಕ್ಕಮಗಳೂರಿನ ಮಲೆನಾಡು ಕಡೆ ಹೋಗುವವರು ಜುಲೈ ಮಳೆಯಲ್ಲಿ ಮಗು ಎಷ್ಟು ದೂರ ನಡೆಯಬೇಕು ಎಂಬುದನ್ನೂ ನೋಡಿಕೊಳ್ಳಿ.

ಈಗ ನವೋದಯದ ವಿಷಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ. ಹಾಸನ ಜಿಲ್ಲೆಯದು ಮಾವಿನಕೆರೆಯಲ್ಲಿ, ಚಿಕ್ಕಮಗಳೂರಿನದು ಬಾಳೆಹೊನ್ನೂರಿನ ಹತ್ತಿರ ಸೀಗೋಡಿನಲ್ಲಿ ಇದೆ. ಆರಕ್ಕೆ ಸೇರಲು ಐದರಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು, ಆ ಐದನೇ ಕ್ಲಾಸನ್ನು ಮಗು ಅದೇ ಜಿಲ್ಲೆಯಲ್ಲಿ ಪೂರ್ತಿ ವರ್ಷ ಓದಬೇಕು. ಇದನ್ನು ಕೇಳಿ ನನಗೆ ಎದೆ ಧಸಕ್ ಅಂತು. ನಾವಂದುಕೊಂಡಂತೆ ಆರಕ್ಕೆ ಹೋಗಿದ್ದರೆ ಆ ಬಾಗಿಲು ಮುಚ್ಚಿರುತ್ತಿತ್ತು. ನೂರಕ್ಕೆ ಕನಿಷ್ಠ 75 ಸೀಟು ಹಳ್ಳಿ ಮಕ್ಕಳಿಗೆ. ಅದಕ್ಕೆ ಮೂರು, ನಾಲ್ಕು, ಐದನ್ನೂ ಹಳ್ಳಿಯಲ್ಲೇ ಓದಿರಬೇಕು. ಅದು ನಮಗೆ ಸಿಗುವುದಿಲ್ಲ, ಸಿಗಲೂಬಾರದು. ಉಳಿದ ಸೀಟಿಗೆ ಅವಳು ಬರೆಯಲಿ. ಸಿಗದಿದ್ದರೆ ಸಕಲೇಶಪುರದ ಆ ಮೇಡಂ ಇದ್ದಾರಲ್ಲ.

ಹಾಗಾಗಿ ಒಂದು ವರ್ಷ ಮೊದಲೇ, ಶಾಲೆ ಶುರುವಾಗುವ ಜೂನ್ ಒಳಗೆ ಹೊರಟಿದ್ದೇವೆ. ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಒತ್ತಕ್ಷರ ಓದುವಾಗ ತಡವರಿಸುತ್ತಾಳೆ. ದಿನಾ ಸಂಜೆ ಅರ್ಧ ಗಂಟೆ ಓದಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಮಕ್ಕಳನ್ನು ನೇರ ಐದಕ್ಕೆ ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದೀರಾ? ಮೊದಲ ಮೂರು ತಿಂಗಳು ಹೇಗೆ ಕಳೆದವು, ದಯವಿಟ್ಟು ಹೇಳಿ.